ಕದ್ದ ಸಾಲು ಎಂಬ ಭಯ

ತಾವು ಬರೆದ ಹಾಡಿನ ಸಾಲು ಎಲ್ಲಿಂದಲೋ ಕದ್ದದ್ದೇನೋ ಎಂಬ ಭಯ ಹೊತ್ತು, ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದವರಲ್ಲಿ ಇವರು ಮೂರನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅರವತ್ತು ಸಮೀಪಿಸಿದ ನಿವೃತ್ತ ಶಿಕ್ಷಕಿ. ಪತಿ ತೀರಿಕೊಂಡು ನಾಲ್ಕು ವರ್ಷ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ ಶಾಲಾ ಬಾಲಕಿ. ಅಂದಿನಿಂದ ಭಾವಗೀತೆಯೋ ದಾಸರ ಪದವೋ ಕಿವಿಗೆ ಬೀಳದ ದಿನವಿಲ್ಲ. ಪತಿ ಹೋದ ಮೇಲೆ ತಾವೇ ಬರೆಯತೊಡಗಿದರು, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ. ಅದನ್ನು ಕಂಡು ಹಿಗ್ಗಿದ ಮಗ ಧ್ವನಿಮುದ್ರಣಕ್ಕೆಂದು ಸ್ಟುಡಿಯೋಗೆ ಮುಂಗಡ ಕೊಟ್ಟ. ಅಲ್ಲಿಗೆ ಬರವಣಿಗೆ ನಿಂತಿತು, ನಿದ್ದೆಯೂ ಹೋಯಿತು.

ಮೊದಲೆರಡು ಭೇಟಿಗಳಲ್ಲಿ ಅಗಲಿಕೆಯ ನೋವನ್ನೇ ಮಾತಾಡಿಸಿದೆ. ಮೂರನೆಯ ಸಲ ಅವರೇ ಬಾಯಿಬಿಟ್ಟರು: “ನಾನು ಬರೆಯುವುದೆಲ್ಲ ಎಲ್ಲೋ ಕೇಳಿದ್ದೇ ಮೇಡಂ. ಕದ್ದ ಹಾಗೆ ಅನ್ನಿಸುತ್ತದೆ.”

ಪುಸ್ತಕ ತೆಗೆಸಿ, ಓದಬೇಡಿ, ಹಾಡಿ ಎಂದೆ. ‘ಕಣ್ಣಿನ ಕೊಳದಲಿ ಚಂದಿರ ಮುಳುಗಿದ’ ಎಂಬಲ್ಲಿಗೆ ಬಂದು ನಿಂತುಬಿಟ್ಟರು.

“ಈ ಚಂದ್ರ ಎಲ್ಲಿಯವನಮ್ಮ?”

“ನಮ್ಮ ಮನೆಗೆ ಚಂದ್ರ ಕಾಣುವುದೇ ಇಲ್ಲ. ಎದುರಿಗೆ ಮೂರು ಮಹಡಿ ಎದ್ದಿದೆ.”

“ಮತ್ತೇನು ಕಾಣುತ್ತದೆ?”

ತುಂಬ ಹೊತ್ತು ಸುಮ್ಮನಿದ್ದರು. “ಅವರ ಕೊಡೆ. ಬಾಗಿಲ ಮೂಲೆಯಲ್ಲೇ ಇದೆ. ತೆಗೆದಿಲ್ಲ.”

ಆಮೇಲೆ ಬೆರಳು ತಾನಾಗಿ ಮೇಜಿನ ಮೇಲೆ ತಾಳ ಹಾಕತೊಡಗಿತು. ಒಂದು ಪದ ಹಾಕಿದರು, ಮಾತ್ರೆ ಹೆಚ್ಚಾಯಿತೆಂದು ತೆಗೆದರು. ಕೊನೆಗೆ, ನಾಲ್ಕು ನಾಲ್ಕು ಮಾತ್ರೆಯ ಅದೇ ನಡೆಯಲ್ಲಿ:

ಬಾಗಿಲ ಮೂಲೆಯ ನಿನ್ನಯ ಕೊಡೆಯಲಿ
ನಿನ್ನೆಯ ಮಳೆಹನಿ ಉಳಿದಿದೆ ಇನ್ನೂ

ಹಾಡಿ ಅತ್ತರು. ನಾಲ್ಕು ವರ್ಷದಲ್ಲಿ ಅತ್ತದ್ದು ಅದೇ ಮೊದಲಂತೆ.

ಅವರಿಗೆ ಹೇಳಿದ್ದು ಇಷ್ಟು: ಧಾಟಿ ಕೇಳಿದ್ದಾದರೆ ಅಂಜಬೇಡಿ. ಹಳೆಯ ಹಾಡಿನ ಪುಸ್ತಕಗಳಲ್ಲಿ ಇಂಥ ಹಾಡಿನ ಧಾಟಿ ಎಂದು ತಲೆಯ ಮೇಲೇ ಅಚ್ಚು ಹಾಕುತ್ತಿದ್ದರು. ಅದನ್ನು ಯಾರೂ ಕಳ್ಳತನ ಎನ್ನಲಿಲ್ಲ. ಹರಿದಾಸ ಪರಂಪರೆಯ ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಹಾಡು ಕಟ್ಟಿದ್ದೂ ದಾಸರ ಪದಗಳು ಬೆಳೆಸಿದ ಕಿವಿಯಿಂದಲೇ, ಹಾಡಿನ ಕೊನೆಯಲ್ಲಿ ಬರುವ ಅಂಕಿತನಾಮ ಮಾತ್ರ ಅವರವರದು. ಆದರೆ ಸಾಲಿನೊಳಗಿನ ವಸ್ತು ನಿಮ್ಮ ಮನೆಯದಾಗಿರಲಿ. ಕಂಡಿರದ ಚಂದ್ರನನ್ನು ಹೊಡೆದುಹಾಕಿ. ಚಲನಚಿತ್ರದ ಧಾಟಿ ಅಭ್ಯಾಸಕ್ಕಷ್ಟೇ; ಹೊರಗೆ ತರುವ ದಿನ ಹೊಸ ರಾಗಸಂಯೋಜನೆ ಮಾಡಿಸಿ. ಆರು ತಿಂಗಳು ಸ್ಟುಡಿಯೋ ಬೇಡ, ಒಬ್ಬರೇ ಒಬ್ಬರಿಗೆ ಹಾಡಿ ತೋರಿಸಿ.

ಹೀಗೆ ಮಾಡಿ ಎಂದು ಆಪ್ತಸಲಹೆಗಾರರು ಹೇಳಬಾರದು, ದಾರಿಯನ್ನು ಬಂದವರೇ ಕಂಡುಕೊಳ್ಳಬೇಕು ಎಂಬುದು ನಮಗೆ ಕಲಿಸಿದ ಪಾಠ. ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು ಕೂಡ. ಆದರೂ ಹೇಳಿದ್ದು ಸರಿ ಎಂದೇ ನಂಬಿದ್ದೇನೆ. ನಲವತ್ತೈದು ವರ್ಷ ತನ್ಮಯರಾಗಿ ಕೇಳಿದವರಿಗೆ ಒಳ್ಳೆಯ ಸಾಲು ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ. ಆ ಗೊತ್ತಿರುವಿಕೆಯೇ ಅವರ ಕೈ ಕಟ್ಟಿಹಾಕುತ್ತದೆ. ಅಂಥವರೆದುರು ನಾನು ಸುಮ್ಮನೆ ತಲೆಯಾಡಿಸುತ್ತ ಕುಳಿತರೆ ಮೌನ ಇನ್ನಷ್ಟು ಬಿಗಿಯುತ್ತದೆ. ಮಗನನ್ನೂ ಕರೆಸಿದೆ. ಅವನ ಪ್ರೀತಿಯಲ್ಲಿ ತಪ್ಪಿರಲಿಲ್ಲ, ಅವಸರವಿತ್ತು. ಮುಂಗಡದ ಆಸೆ ಬಿಡಲು ಒಪ್ಪಿದ.

ಈಗ ಅವರು ಊರಿನಲ್ಲಿರುವ ನಾದಿನಿಗೆ ಫೋನಿನಲ್ಲಿ ಹಾಡಿ ಕೇಳಿಸುತ್ತಾರೆ. ನಿದ್ದೆ ಬರುತ್ತಿದೆ. ಕೊಡೆಯ ಹಾಡಿಗೆ ಮೂರನೆಯ ಚರಣ ಇನ್ನೂ ಕೂಡಿಬಂದಿಲ್ಲವಂತೆ.