ಥಂಡಿ, ನಳ, ಗೀಸರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗ-ಸೊಸಿ ಶಿಕಾಗೊದಾಗ ಮನಿ ತಗೊಂಡಾರ. ಜನವರಿಯಾಗ ಮದುವಿಗಂತ ಮೂರು ವಾರ ಊರಿಗೆ ಬರ್ತಾರ. ಮನಿ ಕೀಲಿ ಹಾಕಿ ಬಂದ್ರ ಪೈಪ್ ಒಡೀತಾವ ಅಂತಾರ. ಎಲ್ಲಾ ನಳ ಬಿಗಿಯಾಗಿ ಬಂದ್ ಮಾಡಿ ಬಂದ್ರ ಸಾಕಲ್ಲೇನ್ರಿ?
– ಹುಮನಾಬಾದ್

ಉತ್ತರ: ಸಾಲದು. ನಳ ಬಂದ್ ಮಾಡಿದರೆ ನೀರು ಪೈಪಿನಲ್ಲೇ ಉಳಿಯುತ್ತದೆ, ತೊಂದರೆ ಇರುವುದೇ ಅಲ್ಲಿ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಆದರೆ ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪ್ ಒಡೆಯುತ್ತದೆ ಎಂದೇನಿಲ್ಲ. ಗಡ್ಡೆ ಬೆಳೆಯುತ್ತ ಮುಂದಿನ ನೀರನ್ನು ಮುಚ್ಚಿದ ನಳದ ಕಡೆಗೆ ತಳ್ಳುತ್ತದೆ. ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ, ಪೈಪು ಎಲ್ಲಿ ದುರ್ಬಲವೋ ಅಲ್ಲಿ ಸೀಳುತ್ತದೆ. ಆಗ ಯಾರಿಗೂ ಗೊತ್ತಾಗುವುದಿಲ್ಲ, ಗಡ್ಡೆ ಕರಗಿದ ಮೇಲೆ ನೀರು ಮನೆಯೊಳಗೆ ಹರಿಯತೊಡಗುತ್ತದೆ.

2019ರ ಜನವರಿ ಕೊನೆಯಲ್ಲಿ ಶಿಕಾಗೊದ ಉಷ್ಣಾಂಶ ಮೈನಸ್ 30 ಡಿಗ್ರಿಗೆ ಇಳಿದಿತ್ತು. ಅಂಥ ಊರಿನಲ್ಲಿ ಹೀಟಿಂಗ್ ಒಂದನ್ನೇ ನಂಬಬಾರದು, ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಥರ್ಮೋಸ್ಟಾಟನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸದೆ ಚಾಲೂ ಇಟ್ಟು, ಜೊತೆಗೆ ಪೈಪುಗಳನ್ನೂ ಖಾಲಿ ಮಾಡಿ ಬರಲಿ. ಆ ಮನೆಯನ್ನು ಬೆಚ್ಚಗಿಡುವುದು ಬಿಸಿನೀರಿನ ರೇಡಿಯೇಟರ್ ಆಗಿದ್ದರೆ ಮಾತ್ರ, ನೀರು ಬಂದ್ ಮಾಡುವ ಮೊದಲು ಬಾಯ್ಲರ್ ನೋಡಿಕೊಳ್ಳುವವರನ್ನು ಕೇಳಬೇಕು. ಆ ನೀರನ್ನು ತಾವಾಗಿ ಇಳಿಸಬಾರದು.

ಮೊದಲು ವಾಟರ್ ಹೀಟರ್. ಕರೆಂಟಿನದಾದರೆ ಬ್ರೇಕರ್ ಆಫ್, ಗ್ಯಾಸಿನದಾದರೆ ಗುಬುಟು ‘ಪೈಲಟ್’ (ಸಣ್ಣ ಉರಿ ಮಾತ್ರ) ಗುರುತಿಗೆ. ಈ ಕ್ರಮ ತಪ್ಪಿ ಟ್ಯಾಂಕ್ ಖಾಲಿಯಾದ ಮೇಲೂ ಕರೆಂಟ್ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ಮೇನ್ ವಾಲ್ವ್ ಬಂದ್. ಅದು ಹೆಚ್ಚಾಗಿ ನೆಲಮಾಳಿಗೆಯಲ್ಲಿ, ಪೈಪ್ ಮನೆಯೊಳಗೆ ಬರುವ ಜಾಗದಲ್ಲಿರುತ್ತದೆ. ಈಗ ಮೇಲಿನ ಮಹಡಿಯಿಂದ ಕೆಳಗಿನವರೆಗೆ ಬಿಸಿ, ತಣ್ಣೀರು ಎರಡರ ನಳಗಳನ್ನೂ ಪೂರ್ತಿ ತೆರೆಯಬೇಕು. ಮೇಲಿನ ನಳದಿಂದ ಗಾಳಿ ಒಳಹೋದರೇ ಕೆಳಗಿನದರಿಂದ ನೀರು ಸಲೀಸಾಗಿ ಇಳಿಯುವುದು. ಹೀಟರಿನ ಬುಡದ ವಾಲ್ವಿಗೆ ಹೋಸ್ ಸಿಕ್ಕಿಸಿ ಟ್ಯಾಂಕನ್ನೂ ಖಾಲಿ ಮಾಡಲಿ. ಕಮೋಡ್ ಫ್ಲಶ್ ಮಾಡಿ, ಸಿಸ್ಟರ್ನ್‌ನಲ್ಲಿ ಉಳಿದದ್ದನ್ನು ಬಟ್ಟೆಯಿಂದ ಹೀರಿಸಿ ತೆಗೆಯಬೇಕು.

ಬಹಳ ಜನ ಮರೆಯುವುದು ಸಿಂಕಿನ ಕೆಳಗಿನ ಬಾಗಿದ ಪೈಪನ್ನು. ಗಟಾರದ ವಾಸನೆ ತಡೆಯಲು ಅಲ್ಲಿ ಸದಾ ನೀರು ನಿಂತಿರಬೇಕು, ಆದ್ದರಿಂದ ಖಾಲಿ ಮಾಡುವ ಹಾಗೂ ಇಲ್ಲ. ಅದರಲ್ಲಿ ಸುಮಾರು ಅರ್ಧ ಲೀಟರ್, ಕಮೋಡಿನಲ್ಲಿ ಒಂದು ಲೀಟರ್ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸುರಿಯಲಿ. ಕಾರಿಗೆ ಹಾಕುವುದು ಬೇಡ, ಅದರಲ್ಲಿ ಹೆಚ್ಚಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಅಂಗಳದ ನಳಕ್ಕೆ ಸಿಕ್ಕಿಸಿದ ಹೋಸನ್ನು ಕಡ್ಡಾಯವಾಗಿ ಬಿಚ್ಚಬೇಕು. ಹೆಪ್ಪುಗಟ್ಟದ ನಳ ಎಂದು ಮಾರುವವೂ ಹೋಸ್ ಇದ್ದರೆ ಒಳಗಿನ ನೀರು ಇಳಿಯದೆ ಒಡೆಯುತ್ತವೆ.

ಮರಳಿದ ಮೇಲೆ ಮೇನ್ ವಾಲ್ವನ್ನು ನಿಧಾನವಾಗಿ ತೆರೆದು, ಬಿಸಿನೀರಿನ ನಳದಲ್ಲಿ ಗಾಳಿ ಬುಸುಗುಡುವುದು ನಿಂತು ಧಾರೆ ಸರಿಯಾಗಿ ಬಂದ ನಂತರವೇ ಹೀಟರ್ ಹಚ್ಚಬೇಕು. ಎಲ್ಲಾದರೂ ಗಡ್ಡೆ ಕಟ್ಟಿದ್ದರೆ ಆ ನಳ ತೆರೆದಿಟ್ಟು, ನಳದ ಕಡೆಯಿಂದ ಶುರುಮಾಡಿ ಹೇರ್ ಡ್ರೈಯರ್ ಹಿಡಿಯಲಿ. ಬೆಂಕಿ ಮಾತ್ರ ಹಿಡಿಯಬಾರದು.

ಪ್ರಶ್ನೆ: ಬೀದರದಾಗೂ ಈಗ ಥಂಡಿ ಭಾಳ. ಮಾಳಗಿ ಮ್ಯಾಲಿನ ಸೋಲಾರ್ ಪೈಪಿಗೆ ಫೋಮ್ ಸುತ್ತಬೇಕೇನು?
– ಬೀದರ್

ಉತ್ತರ: ಒಡೆಯುವ ಭಯಕ್ಕಾದರೆ ಬೇಡ. 1901ರ ಜನವರಿಯಲ್ಲಿ ಬೀದರಿನಲ್ಲಿ 2.9 ಡಿಗ್ರಿ ದಾಖಲಾಗಿತ್ತು, ಆಗಲೂ ಸೊನ್ನೆ ಮುಟ್ಟಿರಲಿಲ್ಲ. ಶಾಖ ಉಳಿಸಲಿಕ್ಕಾದರೆ ಬಿಸಿನೀರಿನ ಪೈಪಿಗೆ ಸುತ್ತಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿ. ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಫೋಮ್ ಪುಡಿಪುಡಿಯಾಗುತ್ತದೆ. ಹಾಗೆಂದು ಬೆಳಗಿನ ಮೊದಲ ನೀರು ಬಿಸಿ ಬರುವುದಿಲ್ಲ. 20 ಮೀಟರ್ ಉದ್ದದ ಮುಕ್ಕಾಲು ಇಂಚಿನ ಪೈಪಿನಲ್ಲಿ ಸುಮಾರು 5 ಲೀಟರ್ ನೀರು ಇರುತ್ತದೆ, ರಾತ್ರಿಯಿಡೀ ನಿಂತ ಅದು ಫೋಮ್ ಇದ್ದರೂ ತಣ್ಣಗಾಗುತ್ತದೆ. ಅದನ್ನು ಬಕೆಟಿಗೆ ಹಿಡಿದು ಪಾತ್ರೆ ತೊಳೆಯಲು ಬಳಸಿ.

ಪ್ರಶ್ನೆ: ಬಚ್ಚಲದಾಗ ಗ್ಯಾಸ್ ಗೀಸರ್ ಅದ. ಥಂಡಿಗಂತ ಕಿಟಕಿ ಸಂದಿಗೆ ಅರಿಬಿ ತುರುಕೀವಿ. ನಮ್ಮ ಅತ್ತಿಯವರಿಗೆ ಜಳಕ ಮಾಡಿ ಬಂದ್ರ ತಲಿ ತಿರಗ್ತದ. ಬಿ.ಪಿ. ಇರಬಹುದೇನು?
– ಕಲಬುರಗಿ

ಉತ್ತರ: ಅರಿವೆಯನ್ನು ಈಗಲೇ ಕಿತ್ತು ತೆಗೆಯಿರಿ, ಅತ್ತೆಯವರನ್ನು ಇವತ್ತೇ ವೈದ್ಯರಿಗೆ ತೋರಿಸಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗುವುದು, ತಲೆನೋವು, ವಾಕರಿಕೆ ಅದರ ಮೊದಲ ಲಕ್ಷಣಗಳು, ಮುಂದಿನದು ಎಚ್ಚರ ತಪ್ಪುವುದು. ಉರಿ ಹಳದಿಯಾಗಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಆದರೆ ನೀಲಿ ಉರಿಯನ್ನು ನೋಡಿಯೂ ಸಮಾಧಾನಪಡಬೇಡಿ. ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು, ಹೊರಗಿನ ಗಾಳಿ ಒಳಬರಲು ದಾರಿ ಬೇಕು.

ಗೀಸರ್, ಸಿಲಿಂಡರ್ ಎರಡನ್ನೂ ಹೊರಗಿನ ತೆರೆದ ಗೋಡೆಗೆ ಸರಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಅಲ್ಲಿಯತನಕ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಜಳಕಕ್ಕೆ ಹೋಗಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಶೇಗಡಿ ಇಟ್ಟು ಮಲಗುವುದಕ್ಕೂ ಇದೇ ಅಪಾಯ.

ಪ್ರಶ್ನೆ: ಕರೆಂಟ್ ಗೀಸರ್ ಬ್ಯಾಸಗಿಗಿಂತ ಈಗ ತಡಾ ಕಾಯ್ತದ. ಕಾಯಿಲ್ ಹೋಗೇದೇನು?
– ಸೇಡಂ

ಉತ್ತರ: ಇರಲಿಕ್ಕಿಲ್ಲ. 15 ಲೀಟರ್, 2 ಕಿಲೋವ್ಯಾಟ್ ಗೀಸರ್ 30 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಸುಮಾರು 16 ನಿಮಿಷ ಬೇಕು, 18 ಡಿಗ್ರಿಯ ನೀರಿಗೆ 22 ನಿಮಿಷ. ಅರ್ಧ ತಾಸು ದಾಟಿದರೆ ಮೊದಲು ವೋಲ್ಟೇಜ್ ನೋಡಿಸಿ. ನಿಮ್ಮದು ಸುಣ್ಣದ ಕಲ್ಲಿನ ಸೀಮೆ, ಬೋರಿನ ನೀರು ಗಡಸು. ಕಾಯಿಲ್ ಮೇಲೆ ಬಿಳಿ ಪದರು ಕಟ್ಟಿರಬಹುದು, ಬಿಚ್ಚಿಸಿ ಕೆರೆಸಿ. ಅದೇ ಹೊತ್ತಿಗೆ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಿ, ಸವೆದಿದ್ದರೆ ಬದಲಿಸಬೇಕು. ಅದು ಮುಗಿದ ಮೇಲೆ ತುಕ್ಕು ಹಿಡಿಯುವುದು ಟ್ಯಾಂಕಿಗೆ.