ಮೊದಲು ಶಿಕ್ಷೆಯಾದ ವರ್ಷ ಹುಡುಕಿ, ಅಂಡಮಾನ್ ಆಮೇಲೆ

ಅಜ್ಜನ ಅಜ್ಜನನ್ನು ಬ್ರಿಟಿಷರು ಅಂಡಮಾನಿಗೆ ಕಳುಹಿಸಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ, ಸೆಲ್ಯುಲರ್ ಜೈಲಿನ ಪಟ್ಟಿಯಲ್ಲಿ ಹೆಸರಿಲ್ಲ, ಅವರು ಸ್ವಾತಂತ್ರ್ಯ ಹೋರಾಟಗಾರರೆಂದು ಸಾಬೀತು ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತಿತ್ತು. ನಾವು ಸುಳ್ಯದ ಕಡೆಯವರು. ಹಿರಿಯರಿಗೆ ಬಡಿಸುವ ದಿನ ಸಾಲಿನಿಂದ ತುಸು ಆಚೆಗೆ ಒಂದು ಎಲೆ ಹಾಕುತ್ತಿದ್ದರು. ಅದು ಕರಿನೀರಿಗೆ ಹೋದವರದ್ದು. 1837ರಲ್ಲಿ ಬ್ರಿಟಿಷರ ವಿರುದ್ಧ ನಡೆದ ಅಮರಸುಳ್ಯದ ದಂಗೆಯಲ್ಲಿ, ನಮ್ಮವರು ಕಲ್ಯಾಣಪ್ಪನ ಕಾಟಕಾಯಿ ಎನ್ನುವ ಆ ಹೋರಾಟದಲ್ಲಿ, ಸೆರೆಸಿಕ್ಕು ಅಂಡಮಾನಿಗೆ ಹೋದರು ಎಂದು ನನ್ನಜ್ಜ ಹೇಳುತ್ತಿದ್ದರು.

ಆ ‘ಅಂಡಮಾನ್’ ನಂಬಿ ನಾನು ವರ್ಷಗಟ್ಟಲೆ ಕಳೆದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಈಗ ನಿಂತಿರುವುದೂ ಅಲ್ಲಿಯೇ. ಪೋರ್ಟ್ ಬ್ಲೇರ್‌ಗೆ ಕೈದಿಗಳ ಮೊದಲ ಹಡಗು ಬಂದದ್ದು 1858ರ ಮಾರ್ಚಿನಲ್ಲಿ, ಇನ್ನೂರು ಜನರನ್ನು ಹೊತ್ತು. ಅದಕ್ಕೂ ಮೊದಲು ದ್ವೀಪಗಳಲ್ಲಿ ಒಂದು ವಸಾಹತು ಇತ್ತಾದರೂ ಜ್ವರ, ಸಾವುಗಳಿಂದಾಗಿ 1796ರಲ್ಲಿಯೇ ಅದನ್ನು ಮುಚ್ಚಿದ್ದರು. ನಡುವಿನ ಅರುವತ್ತು ವರ್ಷ ಅಂಡಮಾನಿಗೆ ಯಾರನ್ನೂ ಶಿಕ್ಷೆಗೆಂದು ಕಳುಹಿಸಿಲ್ಲ. ಹಾಗಿದ್ದ ಮೇಲೆ 1837 ಮತ್ತು ಅಂಡಮಾನ್ ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಈ ಸರಳ ಲೆಕ್ಕವನ್ನು ನಾನು ಹಾಕಲೇ ಇಲ್ಲ. ಅಭಿಲೇಖ ಪಟಲ್ ಜಾಲತಾಣದಲ್ಲಿ ರಾಷ್ಟ್ರೀಯ ಪತ್ರಾಗಾರದ ಗೃಹ ಇಲಾಖೆ, ಪೋರ್ಟ್ ಬ್ಲೇರ್ ಶಾಖೆಯ ಕಡತಗಳನ್ನು ತೆರೆದು ರಾತ್ರಿಯೆಲ್ಲ ಓದಿದೆ. ಕೊನೆಗೆ ನಮ್ಮವರದೇ ಹೆಸರಿನ ಒಬ್ಬರು ಸಿಕ್ಕರು, ಬಳ್ಳಾರಿ ಜಿಲ್ಲೆಯವರು. ಕೆಲಸ ಹುಡುಕಿಕೊಂಡು ಆ ಕಡೆ ಹೋಗಿರಬಹುದು ಎಂದು ನಾನೇ ಕಥೆ ಕಟ್ಟಿ, ವಂಶವೃಕ್ಷದಲ್ಲಿ ಬರೆದು, ನೆಂಟರಿಗೆಲ್ಲ ಪ್ರತಿ ಹಂಚಿದೆ. ಯಾರದ್ದೋ ಮನೆಯ ಹಿರಿಯರನ್ನು ತಂದು ನಮ್ಮ ಎಲೆಯ ಮುಂದೆ ಕೂರಿಸಿದ್ದೆ. ಆ ಪ್ರತಿಗಳನ್ನು ಹಿಂದಕ್ಕೆ ಪಡೆಯುವುದು ಹುಡುಕಾಟಕ್ಕಿಂತ ಕಷ್ಟವಾಯಿತು.

ದಾರಿ ತೋರಿಸಿದ್ದು ಮನೆಯ ಪೆಟ್ಟಿಗೆಯಲ್ಲಿದ್ದ ಮೂಲಗೇಣಿ ಚೀಟುಗಳು, ಅಂದರೆ ಜಮೀನನ್ನು ಶಾಶ್ವತವಾಗಿ ಗೇಣಿಗೆ ಪಡೆದ ಪತ್ರಗಳು. ಒಂದು ಚೀಟಿನಲ್ಲಿ ಕರಿನೀರಿಗೆ ಹೋದ ಅಣ್ಣನ ಹೆಸರಿದೆ. ಅದೇ ಜಮೀನಿನ ಮುಂದಿನ ಚೀಟಿನಲ್ಲಿ ಅಣ್ಣನಿಲ್ಲ, ತಮ್ಮನಿದ್ದಾನೆ. ಎರಡರ ನಡುವಿನ ಕಾಲ 1840ರ ದಶಕ. ಅಂದರೆ ದಂಗೆ ಮುಗಿದು ವರ್ಷಗಳಾದ ಮೇಲೂ ಅವರು ಊರಿನಲ್ಲಿಯೇ ಗೇಣಿ ಕಟ್ಟುತ್ತಿದ್ದರು!

1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ, ಅದರ ಭಾಗವಾಗಿದ್ದ ಅಮರಸುಳ್ಯ ಕೆನರಾ ಜಿಲ್ಲೆಗೆ ಸೇರಿತು. ಕೆನರಾ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಆದ್ದರಿಂದ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಿ ನ್ಯಾಯಾಂಗ ಇಲಾಖೆಯ ಸಂಪುಟಗಳನ್ನು ಕೇಳಿದೆ. ಹೆಸರು, ತಂದೆಯ ಹೆಸರು, ಊರು ಮೂರೂ ಕೂಡಿಬಂದವು. ವಯಸ್ಸು, ಎತ್ತರ, ಜಾತಿ, ಕೊನೆಗೆ ಮೈಮೇಲಿನ ಗುರುತು: ಮುಖದಲ್ಲಿ ಸಿಡುಬಿನ ಕಲೆ, ಎಡಗೈಯ ಕಿರುಬೆರಳು ಸೊಟ್ಟ. ಅಪರಾಧ ಗುಂಪು ಕಟ್ಟಿಕೊಂಡು ಮಾಡಿದ ದರೋಡೆ. ಶಿಕ್ಷೆ ಜೀವಾವಧಿ, ಸಮುದ್ರದಾಚೆ. ಕಳುಹಿಸಿದ್ದು ಸಿಂಗಾಪುರಕ್ಕೆ. ಆ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಕೈದಿಗಳು ಹೋಗುತ್ತಿದ್ದದ್ದು ಪಿನಾಂಗ್, ಮಲಕ್ಕಾ, ಸಿಂಗಾಪುರಗಳಿಗೆ. ಸಿಂಗಾಪುರದ ರಸ್ತೆಗಳನ್ನು ಹಾಕಿದವರು, ಇಂದಿಗೂ ನಿಂತಿರುವ ಸೇಂಟ್ ಆಂಡ್ರ್ಯೂಸ್ ಚರ್ಚನ್ನು ಕಟ್ಟಿದವರು ಭಾರತದ ಕೈದಿಗಳೇ.

ದರೋಡೆ ಎಂದಾಗ ಚಿಕ್ಕಪ್ಪ ಸಿಟ್ಟಾದರು, ಮನೆಯ ಮರ್ಯಾದೆ ತೆಗೆದೆ ಎಂದರು. ನನಗೆ ಹಾಗನಿಸುವುದಿಲ್ಲ. ಒಬ್ಬ ಮನುಷ್ಯನ ಸೊಟ್ಟ ಬೆರಳಿನವರೆಗೂ ತಿಳಿದ ಮೇಲೆ ಅವನನ್ನು ಬಿಟ್ಟು ವೀರನೊಬ್ಬನನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಎಲೆ ಈಗಲೂ ಅವರಿಗೇ ಹಾಕುತ್ತೇವೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎಂದು ನೇರವಾಗಿ ಹೇಳುತ್ತೇನೆ. ಹೋರಾಟಗಾರರೆಂದು ಮೊದಲೇ ತೀರ್ಮಾನಿಸಿ ದಾಖಲೆ ಹುಡುಕಲು ಹೊರಡಬೇಡಿ. ಬಳ್ಳಾರಿಯವರು ನಿಮಗೂ ಸಿಕ್ಕಿಬಿಡುತ್ತಾರೆ. ಕರಿನೀರಿಗೆ ಹೋದವರಲ್ಲಿ ಬಹುಪಾಲು ಜನ ಕೊಲೆ, ದರೋಡೆ, ಕಳವಿನ ಅಪರಾಧಿಗಳು. ಸೆಲ್ಯುಲರ್ ಜೈಲಿನ ಪಟ್ಟಿಯನ್ನು ಪಕ್ಕಕ್ಕಿಡಿ. ಆ ಕಟ್ಟಡ ಮುಗಿದದ್ದೇ 1906ರಲ್ಲಿ, ನೀವು ಹೇಳುವ ತಲೆಮಾರು ಅದಕ್ಕೂ ಎಷ್ಟೋ ಹಿಂದಿನದು.

ನಿಮ್ಮ ಮನೆ ಕುಮಟಾದ್ದು ಎಂದು ಬರೆದಿದ್ದೀರಿ. ಹಾಗಿದ್ದರೆ 1862 ನಿಮಗೆ ಮುಖ್ಯ. ಆ ವರ್ಷ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಶಿಕ್ಷೆ ಅದಕ್ಕೂ ಹಿಂದಿನದಾದರೆ ಚೆನ್ನೈಗೆ ಹೋಗಿ, ಆಮೇಲಿನದಾದರೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ಪತ್ರಾಗಾರಕ್ಕೆ. ಬೆಂಗಳೂರಿನ ಪತ್ರಾಗಾರದಲ್ಲಿ ಹಳೆಯ ಮೈಸೂರಿನವರಿಗೆ ಸಿಗುವಷ್ಟು ನಿಮಗೆ ಸಿಗಲಾರದು. ವರ್ಷ 1858ರ ನಂತರದ್ದೆಂದು ಖಚಿತವಾದರೆ ಮಾತ್ರ ಪೋರ್ಟ್ ಬ್ಲೇರ್ ಕಡತಗಳನ್ನು ತೆರೆಯಿರಿ. ಅಲ್ಲಿ ಹೆಸರಿಗಿಂತ ಸಂಖ್ಯೆಯ ಬೆನ್ನುಹತ್ತಿ. ಕೈದಿಯ ಕೊರಳಿನ ಮರದ ಬಿಲ್ಲೆಯ ಮೇಲೆ ಸಂಖ್ಯೆ, ಅಪರಾಧದ ಕಲಂ, ಶಿಕ್ಷೆಯ ದಿನಾಂಕ ಇರುತ್ತಿದ್ದವು. ಗುಮಾಸ್ತರು ಹೆಸರನ್ನು ಹೇಗೆ ತಿರುಚಿ ಬರೆದರೂ ಸಂಖ್ಯೆ ಬದಲಾಗುವುದಿಲ್ಲ. ಇನ್ನೊಂದು ವಿಷಯ: 1873ರಲ್ಲಿ ಸಿಂಗಾಪುರದ ಕೈದಿಗಳ ವಸಾಹತನ್ನು ಮುಚ್ಚಿದಾಗ ಶಿಕ್ಷೆ ಮುಗಿಯದವರನ್ನು ಅಂಡಮಾನಿಗೆ ಸಾಗಿಸಿದರು. ಹಾಗಾಗಿ ಹಳಬರೊಬ್ಬರು ಅಲ್ಲಿ ಕಾಣಿಸಿಕೊಂಡರೆ ಗಾಬರಿಯಾಗಬೇಡಿ.

ಆದರೆ ರೈಲಿನ ಟಿಕೆಟ್ ತೆಗೆಯುವ ಮೊದಲು ಮನೆಯ ಜಮೀನಿನ ಹಳೆಯ ಕಾಗದಗಳನ್ನು ಹೊರಗೆ ತೆಗೆಸಿ, ಯಾವ ವರ್ಷದಿಂದ ಅವರ ಹೆಸರು ಇಲ್ಲವಾಗಿದೆ ಎಂದು ನೋಡಿ. ಓದಲು ಬಾರದ ಅಕ್ಷರವಿದ್ದರೆ ಫೋಟೋ ಹಾಕಿ, ನಾನು ಓದಿ ಹೇಳುತ್ತೇನೆ.