ಮೊದಲ ಸಲ ವಿದೇಶಕ್ಕೆ ಹೋಗುವವರು ಮಾಡುವ ತಪ್ಪುಗಳು ಯಾವುವು?

ಹಾಸನದಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಜನವರಿಯಲ್ಲಿ ಏಳು ದಿನ ಸಿಂಗಾಪುರ, ಮಲೇಷ್ಯಾಕ್ಕೆ ಹೊರಟಿದ್ದೀರಿ. ಮೂವರಿಗೂ ಇದೇ ಮೊದಲು. ಹೊಸಬರು ಎಲ್ಲಿ ಎಡವುತ್ತಾರೆ ಅಂತ ಕೇಳಿದ್ದೀರಿ. ನಾನು ಎಡವಿದ ಜಾಗಗಳನ್ನೇ ಹೇಳುತ್ತೇನೆ.

ನಾನು ಚಿಕ್ಕಮಗಳೂರಿನವನು. ಗಿರಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಕಾಫಿ ತೋಟ, ಜೊತೆಗೆ ನಾಲ್ಕು ಕೋಣೆಯ ಹೋಮ್‌ಸ್ಟೇ ಇದೆ. ಪ್ರವಾಸಿಗರ ತಪ್ಪು ನೋಡುವುದೇ ನನ್ನ ಉದ್ಯೋಗ ಅಂದರೂ ಸರಿ. ಆನ್‌ಲೈನ್‌ನಲ್ಲಿ ಬುಕ್ ಮಾಡದೆ ಮುಳ್ಳಯ್ಯನಗಿರಿಗೆ ಬಂದು ಚೆಕ್‌ಪೋಸ್ಟ್‌ನಲ್ಲಿ ಜಗಳ ಆಡುವವರು, ಬೆಳಗ್ಗೆ ಬೆಂಗಳೂರು ಬಿಟ್ಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಎಲ್ಲಾ ಒಂದೇ ದಿನ ಮುಗಿಸಿ ರಾತ್ರಿ ನಮ್ಮ ಜಗಲಿಯ ಮೇಲೆ ಉಸ್ಸಪ್ಪಾ ಅಂತ ಕೂರುವವರು, ಹಿಂಗೆ ದಿನಕ್ಕೊಂದು. ಒಳಗೊಳಗೇ ನಗುತ್ತಿದ್ದೆ. ಆಮೇಲೆ ಹೆಂಡತಿ ಮತ್ತು ಅಮ್ಮನ ಜೊತೆ ನೀವು ಹೊರಟಿರುವ ದಾರಿಯಲ್ಲೇ ಹೋಗಿ ಬಂದೆ. ಈಗ ನಗುವುದು ಬಿಟ್ಟಿದ್ದೇನೆ.

ಮೊದಲು ಹೆಸರಿನ ವಿಷಯ. ಇದು ನಮ್ಮ ಕಡೆಯವರಿಗೇ ಜಾಸ್ತಿ ಕಾಡುವ ತೊಂದರೆ. ನಮಗೆ ಸರ್‌ನೇಮ್ ಅನ್ನುವುದೇ ಇಲ್ಲ, ಇರುವುದು ಇನಿಷಿಯಲ್. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಇನ್ನೊಂದು ಥರ. ನಮ್ಮ ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಒಂದೇ ಹೆಸರು. ಟಿಕೆಟ್ ಮಾಡಿಸಿದ ಏಜೆಂಟ್ ಆಧಾರ್ ನೋಡಿ ಅಪ್ಪನ ಹೆಸರನ್ನೂ ಸೇರಿಸಿಬಿಟ್ಟಿದ್ದ. ಹೊರಡಲು ಹತ್ತು ದಿನ ಇರುವಾಗ ಕಣ್ಣಿಗೆ ಬಿತ್ತು. ಸರಿ ಮಾಡಿಸಲು ದುಡ್ಡೂ ಹೋಯಿತು, ಎರಡು ದಿನದ ನಿದ್ದೆಯೂ ಹೋಯಿತು. ಟಿಕೆಟ್‌ನಲ್ಲೂ ವೀಸಾದಲ್ಲೂ ಇರಬೇಕಾದ್ದು ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಅಕ್ಷರಕ್ಕೆ ಅಕ್ಷರ. ಒಂದೇ ಹೆಸರು ಇರುವವರ ಟಿಕೆಟ್ ಹೇಗೆ ಮಾಡಬೇಕು ಅನ್ನುವುದು ಒಂದೊಂದು ವಿಮಾನ ಕಂಪನಿಯಲ್ಲಿ ಒಂದೊಂದು ರೀತಿ. ದುಡ್ಡು ಕಟ್ಟುವ ಮುಂಚೆಯೇ ಫೋನ್ ಮಾಡಿ ಕೇಳಿ. ಮುಂದೆ ಯಾವತ್ತಾದರೂ ದುಬೈಗೆ ಹೋಗುವ ಯೋಚನೆ ಇದ್ದರೆ ಪಾಸ್‌ಪೋರ್ಟನ್ನೇ ತಿದ್ದಿಸಿಕೊಳ್ಳುವುದು ಒಳ್ಳೆಯದು. 2022ರ ನವೆಂಬರ್‌ನಿಂದ ದುಬೈ ಇರುವ ಯುಎಇ ದೇಶದವರು ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರನ್ನು, ಅದರ ಇನ್ನೊಂದು ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರೂ ಇಲ್ಲದಿದ್ದರೆ, ವಿಸಿಟ್ ವೀಸಾದ ಮೇಲೆ ಬಿಡುತ್ತಿಲ್ಲ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ.

ಸಿಂಗಾಪುರಕ್ಕೆ ನಮಗೆ ವೀಸಾ ಬೇಕು. ಅಲ್ಲಿಂದ ಮಲೇಷ್ಯಾಕ್ಕೆ ಹೋಗಿ ಮತ್ತೆ ಸಿಂಗಾಪುರಕ್ಕೇ ಬಂದು ವಿಮಾನ ಹತ್ತುವುದಾದರೆ, ಅದು ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಹೌದೋ ಅಲ್ಲವೋ ನೋಡಿಕೊಳ್ಳಿ. ಕ್ವಾಲಾಲಂಪುರದಿಂದಲೇ ವಾಪಸ್ ಬರುವ ಟಿಕೆಟ್ ತೆಗೆದುಕೊಂಡರೆ ಈ ತಲೆನೋವೇ ಇಲ್ಲ. ನಾನು ಹಾಗೆ ಮಾಡಲಿಲ್ಲ, ಸುಮ್ನೆ ಒಂದು ದಿನ ಬಸ್ಸಿನಲ್ಲಿ ಕಳೆದೆ.

ವಿಮಾನದ ತಾರೀಕನ್ನು ಎರಡೆರಡು ಸಲ ಓದಿ. ಆ ಕಡೆಗೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ಆಸುಪಾಸಿನಲ್ಲಿ ಹೊರಡುತ್ತವೆ. ಟಿಕೆಟ್‌ನಲ್ಲಿ 12ನೇ ತಾರೀಕು 00:40 ಅಂತ ಇದ್ದರೆ 11ರ ಮಧ್ಯಾಹ್ನವೇ ಮನೆ ಬಿಡಬೇಕು. 12ರ ಸಂಜೆ ಹಾಸನ ಬಿಟ್ಟರೆ ವಿಮಾನ ಹೋಗಿ ಆಗಲೇ ಒಂದು ದಿನ ಆಗುತ್ತಾ ಬಂದಿರುತ್ತದೆ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ., ಅದರ ಮೇಲೆ ದೇವನಹಳ್ಳಿಯವರೆಗಿನ ದಾರಿ, ನಡುವೆ ನೆಲಮಂಗಲದ ಟ್ರಾಫಿಕ್. ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ವಿದೇಶದ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಟ್ಯಾಕ್ಸಿಯವರಿಗೆ ಮೊದಲೇ ಹೇಳಿಬಿಡಿ.

ಇನ್ನು ನಾನು ನಾಚಿಕೊಂಡೇ ಹೇಳಬೇಕಾದ ಒಂದು ವಿಷಯ. ಸಿಂಗಾಪುರಕ್ಕೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್, ಅಂದರೆ ನಾವು ಬರುತ್ತಿದ್ದೇವೆ ಅಂತ ತಿಳಿಸುವ ಫಾರ್ಮ್ ತುಂಬಬೇಕು. ಮಲೇಷ್ಯಾಕ್ಕೂ ಇಂಥದ್ದೇ ಒಂದು ಇದೆ. ಎರಡೂ ಪುಕ್ಕಟೆ. ನಾನು ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದ ಮೊದಲ ಲಿಂಕ್ ಒತ್ತಿದೆ. ಥೇಟ್ ಸರ್ಕಾರಿ ವೆಬ್‌ಸೈಟ್ ಥರವೇ ಇತ್ತು. ಮೂವರಿಗೆ ಸೇರಿ ಸಾವಿರಗಟ್ಟಲೆ ಕಟ್ಟಿದ ಮೇಲೆ ಗೊತ್ತಾಯಿತು, ಅದು ಯಾರೋ ದಲ್ಲಾಳಿಯದ್ದು. ಚೆಕ್‌ಪೋಸ್ಟ್‌ನಲ್ಲಿ ಬೆಪ್ಪಾಗಿ ನಿಲ್ಲುವ ನಮ್ಮ ಅತಿಥಿಗಳು ಆಗ ನೆನಪಾದರು. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ. ಅಂದಹಾಗೆ, ಸಿಂಗಾಪುರದಲ್ಲಿ ಈಗ ಪಾಸ್‌ಪೋರ್ಟ್‌ಗೆ ಸೀಲ್ ಹಾಕುವುದಿಲ್ಲ, ಇಮೇಲ್ ಬರುತ್ತದೆ. ಅದನ್ನು ಅಳಿಸಬೇಡಿ. ಮನೆಗೆ ಹೋಗಿ ನಾದಿನಿಗೆ ತೋರಿಸಲು ಒಂದು ಸೀಲೂ ಇಲ್ಲವಲ್ಲ ಅಂತ ಅಮ್ಮನಿಗೆ ಬೇಜಾರೋ ಬೇಜಾರು.

ಬ್ಯಾಗು ತುಂಬುವ ಕೆಲಸ ಅಮ್ಮಂದಿರ ಕೈಗೆ ಬಿಟ್ಟರೆ ಪಕ್ಕದಲ್ಲೇ ನಿಂತಿರಿ. ಸಿಂಗಾಪುರದಲ್ಲಿರುವ ನಮ್ಮ ದೊಡ್ಡಮ್ಮನ ಮಗನ ಮನೆಗೆ ಅಂತ ಅಮ್ಮ ಒಂದು ಡಬ್ಬಿ ಸಾರಿನ ಪುಡಿ, ಒಂದು ಪೊಟ್ಟಣ ಗಸಗಸೆ ಇಟ್ಟಿದ್ದರು. ಪಾಯಸಕ್ಕೆ ಹಾಕುವ ಗಸಗಸೆ, ಅಷ್ಟೇ ಅಲ್ವಾ? ಆದರೆ ಅದು ಅಫೀಮು ಗಿಡದ ಬೀಜ. ಸಿಂಗಾಪುರದಲ್ಲಿ ಅದನ್ನು ತರುವಂತಿಲ್ಲ, ದುಬೈ ಕಡೆಯೂ ನಿಷೇಧ. ಅವನು ಫೋನಿನಲ್ಲಿ ಕೂಗಾಡಿದ ಮೇಲೆ ತೆಗೆದೆವು. ಒಣ ಕೊಬ್ಬರಿಯೂ ಹಾಗೆಯೇ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ಪದಾರ್ಥ ಅಂತ ವಿಮಾನದ ಬ್ಯಾಗಿಗೆ ಬಿಡುವುದಿಲ್ಲ. ಅರಸೀಕೆರೆ ಕಡೆ ನೆಂಟರಿದ್ದರೆ ಒಂದು ಚೀಲ ಕೊಬ್ಬರಿ ಕೊಟ್ಟೇ ಕೊಡುತ್ತಾರೆ, ನಯವಾಗಿ ಬೇಡ ಅನ್ನಿ. ಅಪ್ಪನಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪಿನ ಅಭ್ಯಾಸ ಇದ್ದರೆ ಊರಲ್ಲೇ ಬಿಟ್ಟು ಹೊರಡಲಿ. ಜಗಿಯುವ ತಂಬಾಕು ಸಿಂಗಾಪುರದಲ್ಲಿ ನಿಷಿದ್ಧ. ಚೂಯಿಂಗ್ ಗಮ್ ತರುವುದಕ್ಕಂತೂ 1992ರಿಂದಲೇ ನಿಷೇಧ ಇದೆ. ಬಿಪಿ, ಶುಗರ್ ಮಾತ್ರೆ ಕೈಬ್ಯಾಗಿನಲ್ಲಿರಲಿ, ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಜೊತೆಗೆ. ನಿದ್ದೆ ಮಾತ್ರೆ ಇದ್ದರೆ ಸಿಂಗಾಪುರದವರಿಂದ ಮುಂಚೆಯೇ ಅನುಮತಿ ಬೇಕಾಗಬಹುದು, ವಿಚಾರಿಸಿ. ಪವರ್ ಬ್ಯಾಂಕ್ ಕೂಡ ಕೈಬ್ಯಾಗಿಗೇ. ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ. ಸ್ವೆಟರ್ ಒಂದೊಂದು ಸಾಕು. ಜನವರಿಯಲ್ಲಿ ನಮ್ಮಲ್ಲಿ ನಡುಗುವ ಚಳಿ ಇರುತ್ತದೆ ಅಂತ ನಾವು ಅರ್ಧ ಬ್ಯಾಗು ಉಣ್ಣೆ ಬಟ್ಟೆ ತುಂಬಿದ್ದೆವು. ಅಲ್ಲಿ ವರ್ಷವಿಡೀ ಸೆಕೆ. ಬೇಕಾಗಿದ್ದು ಕೊಡೆ.

ನಾನು ಅತಿ ಹೆಚ್ಚು ಬೆವರಿದ್ದು ದುಡ್ಡಿನ ವಿಷಯದಲ್ಲಿ. ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದು ಮೂರು ಜನಕ್ಕೆ ತಿಂಡಿ ತೆಗೆದುಕೊಂಡು ಕಾರ್ಡ್ ಒತ್ತಿದೆ. ಆಗಲಿಲ್ಲ. ಇನ್ನೊಂದು ಕಾರ್ಡ್, ಅದೂ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರಿಂದ ಹೊಸ ಕಾರ್ಡ್‌ಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ. ಹೊರಗೆ ನಡೆಯಬೇಕಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಸರಿ, ಆನ್ ಮಾಡೋಣ ಅಂತ ಆ್ಯಪ್ ತೆಗೆದರೆ ಒಟಿಪಿ ಕೇಳಿತು. ಒಟಿಪಿ ಬರುವುದು ಊರಿನ ಸಿಮ್‌ಗೆ. ಆ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಹಿಂದೆ ಜನ ಸಾಲು ನಿಂತಿದ್ದಾರೆ, ಅಮ್ಮ ತಟ್ಟೆ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಾರೆ. ಕೊನೆಗೆ ಕಾಪಾಡಿದ್ದು ಹೆಂಡತಿ ಚಿಕ್ಕಮಗಳೂರಲ್ಲೇ ಹಟ ಮಾಡಿ ತರಿಸಿದ್ದ ನೂರು ಡಾಲರ್ ನೋಟು. ಎಲ್ಲಾ ಕಡೆ ಕಾರ್ಡ್ ನಡೆಯುತ್ತದೆ, ನೋಟು ಯಾಕೆ ಅಂತ ಅವಳ ಜೊತೆ ವಾದ ಮಾಡಿದ್ದವನು ನಾನೇ.

ಅದಕ್ಕೇ ಊರು ಬಿಡುವ ಮುಂಚೆಯೇ ಕಾರ್ಡ್ ಆನ್ ಮಾಡಿ, ಸಿಮ್‌ಗೆ ರೋಮಿಂಗ್ ಹಾಕಿಸಿ. ಇಂಟರ್ನೆಟ್‌ಗೆ ಅಲ್ಲಿನ ಸಿಮ್ ತೆಗೆದುಕೊಂಡರೂ ಊರಿನ ಸಿಮ್ ಫೋನಿನಲ್ಲೇ ಇರಲಿ. ಕೈಯಲ್ಲಿ ಸ್ವಲ್ಪ ಸಿಂಗಾಪುರ ಡಾಲರ್, ಸ್ವಲ್ಪ ಮಲೇಷ್ಯಾದ ರಿಂಗಿಟ್ ಇಟ್ಟುಕೊಳ್ಳಿ. ಫೋನ್‌ಪೇ ಮಾಡಿದರಾಯಿತು ಅಂತ ನೆಚ್ಚಿಕೊಳ್ಳಬೇಡಿ. ಕಾರ್ಡ್ ಉಜ್ಜುವಾಗ ಮೆಷಿನ್ ಕೆಲವೊಮ್ಮೆ ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರ್‌ನಲ್ಲಾ ಅಂತ ಕೇಳುತ್ತದೆ. ರೂಪಾಯಿ ನಮ್ಮದೇ ಅಲ್ವಾ ಅಂತ ಅದನ್ನು ಒತ್ತಬೇಡಿ. ಅಲ್ಲಿ ಅವರು ಹಾಕಿದ್ದೇ ರೇಟು, ಬಹಳ ಸಲ ದುಬಾರಿಯೇ ಬೀಳುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ.

ಸಿಂಗಾಪುರದ ಮೆಟ್ರೋದಲ್ಲಿ ನಮ್ಮ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹೋಗಬಹುದು, ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಮೂವರನ್ನು ದಾಟಿಸಲು ಹೋಗಿ ನಾನು ಗೇಟಿನಲ್ಲಿ ಸಿಕ್ಕಿಕೊಂಡೆ. ರೈಲಿನೊಳಗೆ ತಿನ್ನುವುದು, ಕುಡಿಯುವುದು ತಪ್ಪು, 500 ಡಾಲರ್‌ವರೆಗೆ ದಂಡ. ಚಕ್ಕುಲಿ ಡಬ್ಬಿ ತೆಗೆಯಲೇಬೇಡಿ.

ನನ್ನ ಪ್ಲಾನ್ ಹೇಗಿತ್ತು ಗೊತ್ತಾ? ಮೊದಲ ದಿನ ಬೆಳಗ್ಗೆ ಮರೀನಾ ಬೇ, ಮಧ್ಯಾಹ್ನ ಸೆಂಟೋಸಾ, ರಾತ್ರಿ ನೈಟ್ ಸಫಾರಿ. ಒಂದೇ ದಿನದಲ್ಲಿ ಮೂರು ಊರು ನೋಡಿ ಬರುವ ಅತಿಥಿಗಳಿಗೆ ಬುದ್ಧಿ ಹೇಳುವವನ ಪ್ಲಾನ್ ಇದು! ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ವಿಮಾನದಲ್ಲಿ ನಿದ್ದೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಒಂದು ಬೆಂಚಿನ ಮೇಲೆ ಕೂತವರು, ನೀವು ಹೋಗಿ ಬನ್ನಿ ಅಂದುಬಿಟ್ಟರು. ಇಳಿದ ದಿನ ಏನೂ ಇಟ್ಟುಕೊಳ್ಳಬೇಡಿ. ಆಮೇಲೂ ದಿನಕ್ಕೆ ಒಂದು ದೊಡ್ಡ ಜಾಗ ಸಾಕು.

ಊಟಕ್ಕೆ ಸಿಂಗಾಪುರದ ಹಾಕರ್ ಸೆಂಟರ್‌ಗಳು, ಅಂದರೆ ಒಂದೇ ಸೂರಿನಡಿ ಸಣ್ಣ ಸಣ್ಣ ತಿಂಡಿ ಅಂಗಡಿಗಳಿರುವ ಜಾಗಗಳು, ಚೆನ್ನ. ಅಲ್ಲಿ ಖಾಲಿ ಟೇಬಲ್ ಮೇಲೆ ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಕೂರಬೇಡಿ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ನಾವು ಸೀಟು ಹಿಡಿಯುತ್ತೇವಲ್ಲ, ಅದೇ ಲೆಕ್ಕ. ತಿಂದ ತಟ್ಟೆಯನ್ನು ನಾವೇ ಎತ್ತಿಡಬೇಕು, ಇಲ್ಲದಿದ್ದರೆ ದಂಡ ಬೀಳಬಹುದು. ಅಪ್ಪ ಅಮ್ಮ ಸಸ್ಯಾಹಾರಿಗಳಾದರೆ ಮಲೇಷ್ಯಾದಲ್ಲಿ ಸೊಪ್ಪಿನ ಪಲ್ಯ ಅಂತ ನಂಬಿ ತಿನ್ನಬೇಡಿ, ಅದರಲ್ಲಿ ಸೀಗಡಿ ಅರೆದು ಮಾಡಿದ ಬೆಲಾಚಾನ್ ಇರಬಹುದು. ಬಿಡಿಸಿ ಕೇಳಿ. ಬಾಳೆಎಲೆ ಊಟದ ತಮಿಳರ ಹೋಟೆಲುಗಳು ಬೇಕಾದಷ್ಟಿವೆ.

ಕಾಫಿ ವಿಷಯದಲ್ಲಿ ನಾನು ಸ್ವಲ್ಪ ಜಂಬ ಮಾಡಿದೆ. ತೋಟದ ಪುಡಿ, ಸ್ಟೀಲ್ ಫಿಲ್ಟರ್ ಎರಡನ್ನೂ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಕೋಪಿ ಅಂತ ಸಿಗುತ್ತದೆ. ಹೆಚ್ಚಾಗಿ ರೋಬಸ್ಟಾ ಬೀಜ, ಸಕ್ಕರೆ ಮತ್ತು ಮಾರ್ಗರೀನ್ ಹಾಕಿ ಕಪ್ಪಗೆ ಹುರಿದಿದ್ದು, ಮೇಲೆ ಸಿಹಿ ಗಟ್ಟಿ ಹಾಲು. ಮೊದಲ ದಿನ ಮುಖ ಕಿವುಚಿದೆ. ಮೂರನೇ ದಿನ ಬೆಳಗ್ಗೆ ಅಮ್ಮನೇ ಅದನ್ನು ಕೇಳಿ ಕುಡಿದರು, ಫಿಲ್ಟರ್ ಬ್ಯಾಗಿನಲ್ಲೇ ಉಳಿಯಿತು. ಕೋಪಿ ಸಿ ಅಂದರೆ ಸಿಹಿ ಇಲ್ಲದ ಗಟ್ಟಿ ಹಾಲು, ಜೊತೆಗೆ ಸಕ್ಕರೆ. ಸಿಹಿ ಕಮ್ಮಿ ಬೇಕಾದರೆ ಕೊನೆಗೆ ಸಿಯು ದಾಯ್ ಅಂತ ಸೇರಿಸಿ.

ಸಿಂಗಾಪುರದಿಂದ ಕ್ವಾಲಾಲಂಪುರಕ್ಕೆ ಬಸ್ಸಿನಲ್ಲಿ ಹೋಗುವುದಾದರೆ ಗಡಿಯಲ್ಲಿ ಎರಡು ಸಲ ಇಳಿಯಬೇಕು. ಮಲೇಷ್ಯಾ ಕಡೆ ಇಳಿಯುವಾಗ ಲಗೇಜನ್ನೂ ಹೊತ್ತುಕೊಂಡು ಹೋಗಬೇಕು. ಬಸ್ ನಂಬರನ್ನು ಫೋಟೋ ತೆಗೆದಿಟ್ಟುಕೊಳ್ಳಿ. ನಿಧಾನ ಮಾಡಿದರೆ ಬಸ್ಸು ಕಾಯುತ್ತದೆ ಅನ್ನುವ ಭರವಸೆ ಇಲ್ಲ. ಊರೊಳಗೆ ಓಡಾಡಲು ಎರಡೂ ಕಡೆ ಟ್ಯಾಕ್ಸಿ ತರಿಸುವ ಗ್ರ್ಯಾಬ್ ಆ್ಯಪ್ ಇದೆ, ಚೌಕಾಸಿ ಬೇಕಿಲ್ಲ.

ಕ್ವಾಲಾಲಂಪುರದ ಹತ್ತಿರ ಬಟು ಕೇವ್ಸ್ ಅಂತ ಮುರುಗನ ಗುಹಾ ದೇವಸ್ಥಾನ ಇದೆ, ಅಲ್ಲಿ 272 ಮೆಟ್ಟಿಲು. ವಿಂಧ್ಯಗಿರಿ ಹತ್ತಿದ ಹಾಸನದವರಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ಸೆಕೆ ಜೀವ ತೆಗೆಯುತ್ತದೆ, ಕೋತಿಗಳು ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುತ್ತವೆ. ಬೆಳಗ್ಗೆ ಬೇಗ ಹೋಗಿ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಜನವರಿ ಅಂದಿರಲ್ಲ, ಮುರುಗನ ಹಬ್ಬ ತೈಪೂಸಂ ಯಾವತ್ತು ಅಂತ ಪಂಚಾಂಗ ನೋಡಿ. ತಮಿಳರ ತೈ ತಿಂಗಳ ಹುಣ್ಣಿಮೆ ಆಸುಪಾಸಿಗೆ ಬರುತ್ತದೆ. ಆ ದಿನ ಅಲ್ಲಿ ಲಕ್ಷಗಟ್ಟಲೆ ಜನ. ಭಕ್ತಿ ಇದ್ದರೆ ಸರಿ, ಅಪ್ಪ ಅಮ್ಮನ ಮಂಡಿ ನೋವಿದ್ದರೆ ಬೇರೆ ದಿನ ಹೋಗಿ.

ವಾಪಸ್ ಬರುವ ರಾತ್ರಿ ನೀವೇ ಕಾರು ಓಡಿಸಿಕೊಂಡು ಹಾಸನಕ್ಕೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಾನು ಊರಿನ ಟ್ಯಾಕ್ಸಿಯವನಿಗೆ ಹೋಗುವಾಗಲೇ ಬರುವ ದಿನವನ್ನೂ ಹೇಳಿ ಬುಕ್ ಮಾಡಿದ್ದೆ. ಇಡೀ ಪ್ರವಾಸದಲ್ಲಿ ನಾನು ತಪ್ಪಿಲ್ಲದೆ ಮಾಡಿದ್ದು ಅದೊಂದೇ. ನೆಲಮಂಗಲ ದಾಟುವಾಗ ಕಣ್ಣು ಮುಚ್ಚಿದವನು ಚನ್ನರಾಯಪಟ್ಟಣದಲ್ಲಿ ಎದ್ದೆ.